ನರಸಮ್ಮ ನನಗೇನಾಗಬೇಕು?

ನರಸಮ್ಮಕ್ಕಾ, ಶಿಡ್ಲಘಟ್ಟದ ಆ ಬಾಡಿಗೆ ಕೋಣೆ ನಿಮ್ಮ ಕೈತಪ್ಪಿದ್ದು ನನ್ನಿಂದ. ಬೇರೆ ಯಾರೋ ಮೊದಲೇ ಗೊತ್ತು ಮಾಡಿಕೊಂಡಿದ್ದರು ಎಂದು ಪದ್ಮಕ್ಕನಿಗೆ ನಾನು ಹೇಳಿದ್ದು ಸುಳ್ಳು. ಬಾಗಿಲು ತೆರೆದೇ ಇತ್ತು — ಮುಚ್ಚಿಸಿದವಳು ನಾನು. ನಿಮಗೆ ಇದು ಹೊಸದಲ್ಲ, ಪಕ್ಕದಲ್ಲೇ ನಿಂತಿದ್ದಿರಿ. ಉಳಿದವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ಇಷ್ಟು ವರ್ಷ ಯಾಕೆ ಬರೆಯಲಿಲ್ಲ ಎಂದರೆ — ಇರಲಿ, ಅದಕ್ಕೆ ಉತ್ತರ ಹುಡುಕಿದರೆ ನೆಪವೇ ಸಿಗುತ್ತದೆ.

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ಊಟ ಕೊಡುತ್ತಿದ್ದ ಸಣ್ಣ ಟ್ರಸ್ಟಿಗೆ ನಾನು ಸೇರಿದ್ದು ಮನೆಯಲ್ಲಿ ಹೊತ್ತು ಹೋಗದೆ. ನೀವು ಸಿಕ್ಕಿದ್ದು ಅಲ್ಲೇ. ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕದಲ್ಲಿ ಕುದಿನೀರಿಗೆ ಕೈ ಹಾಕಿ ಹಾಕಿ ನಿಮ್ಮ ಬೆರಳುಗಳೆಲ್ಲ ಒಡೆದಿದ್ದವು. ಗಂಡ ತೀರಿಕೊಂಡ ಮೇಲೆ ಕೆಲಸವೂ ಹೋಗಿ, ಘಟಕದವರು ಇರಲು ಕೊಟ್ಟಿದ್ದ ಶೆಡ್ಡೂ ಹೋಗಿತ್ತು. ಟ್ರಸ್ಟ್ ಕಟ್ಟಿದ ಪದ್ಮಕ್ಕ ನಿಮ್ಮನ್ನು ಟ್ರಸ್ಟಿನ ಮನೆಗೆ ಕರೆತಂದರು, ಕೈಗೆ ಔಷಧಿ ಹಚ್ಚಿದರು, ಶಿಡ್ಲಘಟ್ಟದ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸವನ್ನೂ ಕೊಡಿಸಿದರು. ಉಳಿದದ್ದು ಒಂದು ಕೋಣೆ.

"ಬೀದಿಯಿಂದ ಎಬ್ಬಿಸ್ಕೊಂಡು ಬರೋದು ಸುಲಭ ಕಣಮ್ಮಾ," ಎನ್ನುತ್ತಿದ್ದರು ಪದ್ಮಕ್ಕ. "ಮನೆ ಕೇಳೋಕೆ ಹೋದಾಗ, ಇವ್ರು ನಿಮಗೇನಾಗ್ಬೇಕು ಅಂತಾರೆ. ಅಲ್ಲಿ ಯಾರಾದ್ರೂ ಒಬ್ರು ಇವ್ರಿಗೆ ಏನಾದ್ರೂ ಆಗ್ಬೇಕು."

ನಾನು ಹೋಗ್ತೀನಿ ಎಂದು ಮುಂದೆ ಬಿದ್ದವಳು ನಾನೇ. ಮನೆಯ ಒಡತಿ ಸರೋಜಮ್ಮ, ನನ್ನ ಮಗಳನ್ನು ನೋಡಿಕೊಂಡು ಹೋಗಿದ್ದ ಹುಡುಗನ ಸೋದರತ್ತೆ. ಪರಿಚಯವಿದೆ, ಸಲೀಸಾಗುತ್ತದೆ ಅಂದುಕೊಂಡೆ. ಆ ಪರಿಚಯವೇ ಮುಳುವಾಯಿತು — ಇಲ್ಲ, ಪರಿಚಯದ ಮೇಲೆ ಯಾಕೆ ಹಾಕಲಿ?

ಕೋಣೆ ನೋಡಿದ ಮೇಲೆ ನೀವು ಬಾಗಿಲ ಚಿಲಕ ಹಾಕಿದಿರಿ, ತೆಗೆದಿರಿ, ಮತ್ತೆ ಹಾಕಿದಿರಿ. ಹೊರಗೆ ನಿಂತಿದ್ದ ನನಗೆ ನಗು ಬಂತು. ಒಳಗಿನಿಂದ ಹಾಕಿಕೊಳ್ಳುವ ಚಿಲಕವೆಂದರೆ ಬಸ್ ನಿಲ್ದಾಣದಲ್ಲಿ ಮಲಗಿದ ಹೆಂಗಸಿಗೆ ಏನು ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಸರೋಜಮ್ಮ ಕಾಫಿ ಕೊಟ್ಟು ಕೇಳಿದರು: "ಇವ್ರು ನಿನಗೇನಾಗ್ಬೇಕಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ನೀವು ಹೇಳಿದಿರಿ: "ನಮ್ ಚೆಲ್ಲಿ ಅಲ್ವಾಮ್ಮ ಇವ್ಳು!" ಚೆಲ್ಲಿ ಎಂದರೆ ತೆಲುಗಿನಲ್ಲಿ ತಂಗಿ. ಟ್ರಸ್ಟಿನ ಮನೆಯಲ್ಲಿ ದಿನವೂ ಹಾಗೇ ಕರೆಯುತ್ತಿದ್ದಿರಿ, ನಾನೂ ಅಕ್ಕಾ ಎಂದು ಓಗೊಡುತ್ತಿದ್ದೆ.

ಸರೋಜಮ್ಮ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಡೆ ತಿರುಗಿದರು. "ಹಂಗಾದ್ರೆ ನಮ್ಮೋರೇನಾ?"

ನಮ್ಮೋರು — ಜಾತಿ ಕೇಳಲು ನಮ್ಮ ಕಡೆ ಇರುವ ನಯವಾದ ಮಾತು. ಹೌದೆಂದರೆ ಯಾವ ಊರು, ಯಾರ ಮಗಳು ಎಂದು ಬೇರು ಹಿಡಿದು ಜಗ್ಗುತ್ತಾರೆ. ಮಾತು ಹುಡುಗನ ಮನೆ ತಲುಪುತ್ತದೆ, ಮಗಳ ಸಂಬಂಧ — ಇಷ್ಟೆಲ್ಲ ಒಂದು ಗುಟುಕು ಕಾಫಿ ಗಂಟಲಿಗಿಳಿಯುವಷ್ಟರಲ್ಲಿ ಲೆಕ್ಕ ಹಾಕಿಬಿಟ್ಟೆ. ಇವರು ನನಗೆ ಅಕ್ಕ ಇದ್ದ ಹಾಗೆ, ನಾನು ಹೊಣೆ ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

ನಾನು ನಕ್ಕೆ. "ಅಯ್ಯೋ, ನನಗೇನೂ ಆಗ್ಬೇಕಾಗಿಲ್ಲ ಬಿಡಿ. ಬಸ್ ಸ್ಟ್ಯಾಂಡಲ್ಲಿ ಬಿದ್ದಿದ್ರು, ಪಾಪ ಅಂತ ಕರ್ಕೊಂಡು ಬಂದ್ವಿ."

"ನೋಡಿ ಹೇಳ್ತೀನಿ," ಎಂದರು ಸರೋಜಮ್ಮ. ನೋಡುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನೀವೇ ನನ್ನನ್ನು ಸಮಾಧಾನ ಮಾಡಿದಿರಿ. "ಆ ರೂಮಲ್ಲಿ ಗಾಳಿ ಆಡಲ್ಲ ಬಿಡಿ, ಮೇಡಂ." ಅಲ್ಲಿಯವರೆಗೆ ನೀವು ನನ್ನನ್ನು ಒಮ್ಮೆಯೂ ಮೇಡಂ ಎಂದಿರಲಿಲ್ಲ.

ಕೆಲವೇ ದಿನಗಳಲ್ಲಿ ಯಾರಿಗೂ ಹೇಳದೆ ಹೊರಟುಹೋದಿರಿ. ಹಾಸ್ಟೆಲಿನ ಕೆಲಸಕ್ಕೂ ಹೋಗಲಿಲ್ಲ. "ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ವಲ್ಲೇ," ಎಂದು ಪದ್ಮಕ್ಕ ತಮ್ಮನ್ನೇ ಹಳಿದುಕೊಂಡರು. ನಾನು ಎದುರಿಗೆ ಕೂತು ಬೀನ್ಸ್ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ.

ಮಗಳ ಮದುವೆ ಆಯಿತು. ಸರೋಜಮ್ಮ ಈಗ ಬೀಗರ ಕಡೆಯವರು. ಆಮೇಲೆ ಎಷ್ಟೋ ಜನರ ಜೊತೆ ಮನೆ ಕೇಳಲು ಹೋಗಿದ್ದೇನೆ, ನಮ್ಮ ಅಕ್ಕ, ನಮ್ಮ ಮಾವ ಎಂದಿದ್ದೇನೆ, ಕೋಣೆಗಳೂ ಸಿಕ್ಕಿವೆ. ನನ್ನ ಗುರುತೇ ಇಲ್ಲದವರ ಬಾಗಿಲಲ್ಲಿ ಹಾಗೆನ್ನುವುದು ಏನು ಮಹಾ?

ಮೊನ್ನೆ ಚಿಂತಾಮಣಿ ತರಕಾರಿ ಮಾರುಕಟ್ಟೆಯಲ್ಲಿ ನಿಮ್ಮನ್ನು ಕಂಡೆ. ಖಾಲಿ ಟೊಮೆಟೊ ಕ್ರೇಟುಗಳ ಸಂದಿಯಲ್ಲಿ, ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಮಲಗಿದ್ದಿರಿ. ಎಬ್ಬಿಸಲು ಧೈರ್ಯ ಬರಲಿಲ್ಲ. ಹೋಗಿ ಪದ್ಮಕ್ಕನಿಗೆ ಎಲ್ಲ ಹೇಳಿದೆ. ಅವರು, "ನನಗೆ ಹೇಳಿದ್ರೆ ಆಗೋಯ್ತೇನಮ್ಮಾ?" ಎಂದರು.

ಆಗುವುದಿಲ್ಲ. ಈ ಬರಹದಲ್ಲಿ ಅಕ್ಕಾ ಎಂದರೂ ಆಗುವುದಿಲ್ಲ — ಇಲ್ಲಿ ನನ್ನನ್ನು ಯಾರು ನೋಡುತ್ತಿದ್ದಾರೆ?

ನಾಳೆ ಸರೋಜಮ್ಮನ ಮನೆಗೆ ಹೋಗುತ್ತೇನೆ. ಕೋಣೆ ಖಾಲಿ ಇದೆಯೋ ಇಲ್ಲವೋ, ಅವರು ಅಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು ಬರಬೇಕು. ಅಲ್ಲಿಂದ ನೇರ ಮಾರುಕಟ್ಟೆಗೆ ಬರುತ್ತೇನೆ. ನೀವು ಮೇಡಂ ಎಂದೇ ಕರೆಯಿರಿ. ಓಗೊಡುತ್ತೇನೆ.