ಹೆಸರಿನ ಕೆಳಗಿನ ಒಂದೇ ಸಾಲು

ಬೆಳಗಿನ ಆರೂಕಾಲು. ಹೊಸಹಳ್ಳಿಯ ಸೈಬರ್ ಸೆಂಟರಿನ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಹಾಲವ್ವ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ಕೀಬೋರ್ಡ್ ಮುಟ್ಟದೆ ಕೈಕಟ್ಟಿ ಕೂತಿದ್ದಾರೆ. ಎದುರಿನ ಸ್ಟೂಲಿನಲ್ಲಿ ನಂಜುಂಡಪ್ಪ, ನಲವತ್ತೆಂಟು ವರ್ಷದ ಲೇತ್ ಕೆಲಸಗಾರ, ಲೋಹ ಕಡೆಯುವ ಟರ್ನರ್. ನಾಯಂಡಹಳ್ಳಿಯಲ್ಲಿ ಅವರಿದ್ದ ವರ್ಕ್‌ಶಾಪ್ ಮುಚ್ಚಿ ನಾಲ್ಕು ತಿಂಗಳಾಗಿದೆ. ಹತ್ತು ಗಂಟೆಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಂದರ್ಶನ. ಅಷ್ಟರೊಳಗೆ ಇಂಟರ್ನೆಟ್ಟಿನ ಉದ್ಯೋಗ ತಾಣದಲ್ಲಿ ಪ್ರೊಫೈಲ್ ಹಾಕಿ, ಅದರ ಪ್ರತಿ ತರಬೇಕಂತೆ. ಇದೂ ಕೈತಪ್ಪಿದರೆ ಈ ವಯಸ್ಸಿಗೆ ಇನ್ಯಾರೂ ಕರೆಯುವುದಿಲ್ಲ ಎಂದು ಬಂದಾಗಿನಿಂದ ಎರಡು ಸಲ ಹೇಳಿದ್ದಾರೆ. ಪಕ್ಕದ ಬೆಂಚಿನಲ್ಲಿ, ಪತ್ರಿಕೆಯ ನನ್ನ ವಾರದ ಅಂಕಣಕ್ಕೆ ವಿಷಯ ಹುಡುಕಿ ಬಂದ ನಾನು.

ವಿಳಾಸ, ಅನುಭವ ಎಲ್ಲ ತುಂಬಿ ಆಗಿದೆ. ಉಳಿದಿರುವುದು ಹೆಸರಿನ ಕೆಳಗಿನ ಒಂದೇ ಸಾಲು. ಕಂಪನಿಯವರು ಮೊದಲು ಓದುವುದು ಅದನ್ನೇ. ಎಷ್ಟೋ ಸಲ ಮುಂದಕ್ಕೆ ಓದುವುದೂ ಇಲ್ಲ. ಪ್ರಾಮಾಣಿಕ, ಶ್ರಮಜೀವಿ ಎಂದು ಹಾಕಿಬಿಡಿ ಎನ್ನುತ್ತಾರೆ ನಂಜುಂಡಪ್ಪ. ಹಾಲವ್ವ ಒಪ್ಪುವುದಿಲ್ಲ.

"ಅದು ಎಲ್ರೂ ಹಾಕ್ತಾರೆ ಅಣ್ಣ. ನೀವು ರಜಾ ಹಾಕಿದ ದಿನ ಅಲ್ಲಿ ಯಾವ ಕೆಲ್ಸ ನಿಂತೋಗ್ತಿತ್ತು? ಅದು ಹೇಳಿ."

ದಿನಕ್ಕೆ ಹದಿನೈದು ಜನ ಬಂದರೆ ಹದಿನೈದು ಜನಕ್ಕೂ ಇದೇ ಪ್ರಶ್ನೆ. ಹರಪನಹಳ್ಳಿ ಕಡೆಯಿಂದ ಬಂದ ಹಾಲವ್ವ ಓದಿದ್ದು ಪಿಯುಸಿ. ಇಂಗ್ಲಿಷ್ ಕಲಿತದ್ದು ಬೇರೆಯವರ ಅರ್ಜಿಗಳನ್ನು ಟೈಪ್ ಮಾಡುತ್ತಾ. ಮೊದಲೆಲ್ಲ ಅವರ ಬಳಿಯೂ ಒಂದು ಸಿದ್ಧ ಸಾಲಿತ್ತು: ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಬಯಸುತ್ತೇನೆ. ಬಂದವರಿಗೆಲ್ಲ ಅದನ್ನೇ ಅಂಟಿಸುತ್ತಿದ್ದರು. ನಾಲ್ಕು ವರ್ಷದ ಹಿಂದೆ, 2005ರಲ್ಲಿ, ಇಲ್ಲಿಂದ ಒಂದೇ ಕಂಪನಿಗೆ ಹೋದ ಮೂವತ್ತೊಂದು ಜನರ ಹಾಳೆಯಲ್ಲೂ ಅದೇ ಸಾಲು. ಅಲ್ಲಿಯ ಅಧಿಕಾರಿ ನಕ್ಕು, ಮೂವತ್ತೊಂದನ್ನೂ ರಬ್ಬರ್ ಬ್ಯಾಂಡ್ ಹಾಕಿ ವಾಪಸು ಕಳಿಸಿದರಂತೆ.

"ಡ್ರೈವರು, ವೆಲ್ಡರು, ಸ್ಟೋರ್ ಕೀಪರು, ಎಲ್ರನ್ನೂ ನಾನೇ ಒಂದೇ ಮಾಡಿಟ್ಟಿದ್ದೆ ಸಾರ್. ಮೂರು ದಿನ ಊಟ ಸೇರ್ಲಿಲ್ಲ" ಎನ್ನುತ್ತಾರೆ ನನ್ನತ್ತ ತಿರುಗಿ. ಆ ಕಟ್ಟು ಈಗಲೂ ಅವರ ಡ್ರಾಯರಿನಲ್ಲಿದೆ.

ನಂಜುಂಡಪ್ಪ ಯೋಚಿಸುತ್ತಲೇ ಇದ್ದಾರೆ. ಅಂಥಾದ್ದೇನೂ ಇಲ್ಲ ಎನ್ನುತ್ತಾರೆ. ಹಾಲವ್ವ ಕಾಯುತ್ತಾರೆ. ಗಡಿಯಾರ ನೋಡಿ ನನಗೇ ಚಡಪಡಿಕೆ, ಅವರಿಗಿಲ್ಲ. ಏಳು ಗಂಟೆಯ ಹೊತ್ತಿಗೆ ನಂಜುಂಡಪ್ಪ ಬಾಯಿ ಬಿಡುತ್ತಾರೆ.

"ಹಳೇ ಮಿಷಿನ್ನು ಮೇಡಂ, ಅಳತೆ ಬರೆದ ಡ್ರಾಯಿಂಗ್ ಇರಲ್ಲ. ಮುರಿದ ತುಂಡು ತಂದು ಕೊಡೋರು. ಅದನ್ನ ನೋಡ್ಕೊಂಡು ಹೊಸದು ಮಾಡ್ಕೊಡ್ತಿದ್ದೆ. ನಾನಿಲ್ಲ ಅಂದ್ರೆ ನಾಳೆ ಬನ್ನಿ ಅಂತಿದ್ರು."

ಕೀಬೋರ್ಡ್ ಸದ್ದು ಶುರುವಾಗುತ್ತದೆ. ಡ್ರಾಯಿಂಗ್ ಇಲ್ಲದ ಯಂತ್ರಗಳಿಗೆ, ಮುರಿದ ತುಂಡು ನೋಡಿಯೇ ಹೊಸ ಭಾಗ ತಯಾರಿಸುವ ಟರ್ನರ್. ಇಂಗ್ಲಿಷಿನಲ್ಲಿ ಹನ್ನೆರಡೇ ಪದ. ಇಪ್ಪತ್ತೆರಡು ವರ್ಷದ ದುಡಿಮೆ ಪರದೆಯ ಮೇಲೆ ಅಷ್ಟರಲ್ಲೇ ನಿಂತಿದೆ. ವಾರಕ್ಕೊಂದು ಶೀರ್ಷಿಕೆ ಕೊಡಲು ಮೂರು ಕಾಫಿ ಕುಡಿಯುವ ನಾನು ಈ ಹೆಂಗಸಿನ ಎದುರು ಏನೇನೂ ಅಲ್ಲ. ಹಾಲವ್ವ ಅರ್ಥ ಓದಿ ಹೇಳಿದಾಗ ನಂಜುಂಡಪ್ಪ, ಇದು ನಾನೇನಾ ಎಂದು ಕೇಳಿ, ಪ್ರಿಂಟಾದ ಹಾಳೆಯನ್ನು ಮಡಿಸದೆ ಕೈಯಲ್ಲೇ ಹಿಡಿದು ಬಸ್ಸಿಗೆ ಹೋಗುತ್ತಾರೆ.

ನಾನು ಅಲ್ಲೇ ಉಳಿಯುತ್ತೇನೆ. ಎದ್ದು ಹೋಗಲು ಮನಸ್ಸಾಗುವುದಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಸೆಂಟರಿನ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ನಂಜುಂಡಪ್ಪ. ಹಾಲವ್ವ ಬರೀ ಹೂಂ, ಹೂಂ ಎನ್ನುತ್ತಾ ಕೇಳಿ, ರಿಸೀವರ್ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆ ಸಾಲು ಓದಿದ ಮ್ಯಾನೇಜರ್ ವಯಸ್ಸು ಕೇಳಲಿಲ್ಲವಂತೆ. ಮೂಲೆಯಲ್ಲಿ ಬಿದ್ದಿದ್ದ ಒಂದು ಮುರಿದ ಶಾಫ್ಟ್ ಕೈಗಿಟ್ಟು, ಮಾಡಿ ನೋಡೋಣ ಎಂದರಂತೆ. ಇವರು ಅಲ್ಲೇ ಮಾಡಿಕೊಟ್ಟರಂತೆ. ಸೋಮವಾರದಿಂದ ಕೆಲಸ.

"ನಾನೇನ್ ಬರ್ದೆ ಸಾರ್? ಅವ್ರು ಹೇಳಿದ್ದು ಟೈಪ್ ಮಾಡ್ದೆ" ಎನ್ನುತ್ತಾರೆ. ನೀವು ರಜಾ ಹಾಕಿದ ದಿನ ಇಲ್ಲಿ ಏನು ನಿಂತುಹೋಗುತ್ತದೆ ಎಂದು ಅವರದೇ ಪ್ರಶ್ನೆಯನ್ನು ಅವರಿಗೇ ಹಾಕುತ್ತೇನೆ. ಷಟರಿನ ಹೊರಗೆ ಆಗಲೇ ಇಬ್ಬರು ಕಾಯುತ್ತಿದ್ದಾರೆ. ಹಾಲವ್ವ ಅವರತ್ತ ನೋಡಿ, ಸ್ಟೂಲನ್ನು ಹತ್ತಿರ ಎಳೆದುಕೊಳ್ಳುತ್ತಾರೆ.

"ಗೊತ್ತಿಲ್ಲ ಸಾರ್. ಇನ್ನೂ ರಜಾ ಹಾಕಿ ನೋಡಿಲ್ಲ."