ತತ್ವ ಓದಿದವನ ಮೊದಲ ಗಳಿಕೆ

ಗೆಳೆಯರೇ, ಫಿಲಾಸಫಿಯಲ್ಲಿ ಎಂ.ಎ. ಮಾಡಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದ ನನಗೆ ಇವತ್ತು ಮುಂಬಯಿಯ ಭಾಂಡುಪ್‌ನ ಚಾಳೊಂದರಲ್ಲಿ ಎಂಟಾಣೆ ಗಳಿಕೆಯಾಯಿತು. ಅದಕ್ಕೆ ಕಾರಣ ವಿಜಾಪುರದ ನಮ್ಮ ಸೋದರಮಾವ. ಅವರು ಇಲ್ಲಿ ಕಟ್ಟಡ ಕೆಲಸದ ಆಳುಗಳನ್ನು ನೋಡಿಕೊಳ್ಳುವ ಮುಕಾದಮ. ನನ್ನ ಕಾಲೇಜು ಫೀಸಿಗೆ ಸಾಲ ಕೊಟ್ಟವರೂ ಅವರೇ, ಕಂಡಾಗಲೆಲ್ಲ "ಯಾವಾಗ ಕೊಡ್ತಿ?" ಎಂದು ಕೇಳುವವರೂ ಅವರೇ.

ಕಾಲೇಜಿನಲ್ಲಿ ಏನು ಓದುತ್ತೀ ಎಂದು ಹಿಂದೊಮ್ಮೆ ಕೇಳಿದಾಗ "ತತ್ವ, ಮಾಮಾ" ಎಂದಿದ್ದೆ. ಅವರು ಅದನ್ನು ಭಜನೆಯಲ್ಲಿ ಹಾಡುವ ತತ್ವಪದ ಎಂದುಕೊಂಡಿದ್ದರು. ಇವತ್ತು ಅವರ ಚಾಳಿನ ಭಜನೆಗೆ ಹೋದರೆ ನನ್ನ ಕೈಗೆ ಏಕತಾರಿ ಕೊಟ್ಟು, "ನಮ್ಮ ಅಳಿಯಾ ತತ್ವದಾಗ ಎಂ.ಎ. ಮಾಡ್ಯಾನ, ಕೇಳ್ರಿ" ಎಂದು ಎಲ್ಲರಿಗೂ ಹೇಳಿಬಿಟ್ಟರು.

ಸಾಲ ತೀರಿಸದವನು ಒಲ್ಲೆ ಎನ್ನುವುದು ಹೇಗೆ? ಹಾಡಿದೆ. ಎರಡನೆಯ ನುಡಿ ಮುಗಿಯುವ ಮೊದಲೇ ಅಜ್ಜಿಯೊಬ್ಬಳು ಎದ್ದು ಬಂದು ಏಕತಾರಿ ಇಸಿದುಕೊಂಡಳು. ನನ್ನ ಅಂಗೈಗೆ ಎಂಟಾಣೆ ಇಟ್ಟು, "ತಮ್ಮಾ, ಚಾ ಕುಡದ್ ಬಾ. ಸಾವಕಾಶ ಬಾ" ಎಂದಳು.

ಮಾಮಾ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. "ರೊಕ್ಕದ್ದೇನ್ ಗಡಿಬಿಡಿ ಇಲ್ಲಪಾ. ನೀ ಹಾಡಬ್ಯಾಡ, ಅಷ್ಟ ಸಾಕು."

ಸಾಲ ತೀರಿಸಲು ಓದಿನಿಂದ ಸಿಗದ ವಾಯಿದೆ ಕಂಠದಿಂದ ಸಿಕ್ಕಿತು.