ಹಿಂದಿನ ಸಾಲಿನವರು

ನನ್ನ ಸೋದರತ್ತೆ ಫೋಟೋ ತೆಗೆಯಲು ನಿಂತರೆ ಕಾಯುವವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಬೇರೆಯವರು ಮುಖದ ಬೆಳಕು ಅಳೆದರೆ, ಇವಳು ಮೀಟರ್ ಹಿಡಿದು ಎಲ್ಲಕ್ಕಿಂತ ಕತ್ತಲಿರುವ ಮೂಲೆಗೆ ಹೋಗುತ್ತಿದ್ದಳು. "ಫಿಲಂ ಮೇಲೆ ಬೀಳದ ಬೆಳಕು ಆಮೇಲೆ ತಲೆಕೆಳಗಾಗಿ ನಿಂತ್ರೂ ಸಿಗಲ್ಲ ಕಣೇ," ಎನ್ನುತ್ತಿದ್ದಳು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರು ವರ್ಷವರ್ಷವೂ ಗುಂಪಿನ ಫೋಟೋಗೆ ಅವಳನ್ನೇ ಕರೆಯುತ್ತಿದ್ದರು. ಒಂದು ಸಲ ಅವಳು ಹೀಗೇ ಶೆಡ್ಡಿನ ಹಿಂಗೋಡೆಯವರೆಗೆ ಹೋದಳು. ಮುಂದೆ, ಬಾಗಿಲಿನ ಬೆಳಕಿನಲ್ಲಿ, ಕುರ್ಚಿಗಳ ಮೇಲೆ ಮಾಲೀಕ, ಅವನ ಭಾವಮೈದ, ನೀಲಿ ಏಪ್ರನ್ ತೊಟ್ಟ ಮೇಸ್ತ್ರಿ. ಹಿಂದೆ ಟ್ಯೂಬ್‌ಲೈಟಿನ ಕೆಳಗೆ ಅದೇ ನೀಲಿ ಏಪ್ರನ್ನಿನ ಹೆಂಗಸರು.

"ಮೂಲೇಲೇನು ನಿಧಿ ಹುಡುಕ್ತಿದ್ದೀಯಮ್ಮ? ನಮ್ಮ ಮುಖ ಬಂದ್ರೆ ಸಾಕು," ಎಂದ ಮಾಲೀಕ. ಪ್ರಿಂಟು ಹಾಕುವಾಗ ಹಿಂದುಗಡೆಯೆಲ್ಲ ಕಪ್ಪಾಗಿಸು, ಮುಂದಿನವರು ಎದ್ದು ಕಾಣಲಿ ಎಂದೂ ಹೇಳಿದ. ಗಿರಾಕಿಯ ಮಾತು, ಅತ್ತೆ ಹಾಗೇ ಮಾಡಿಕೊಟ್ಟಳು.

ಮುಂದಿನ ಬೇಸಿಗೆಯಲ್ಲಿ ಅಲ್ಲಿ ಬಾಯ್ಲರ್ ಸಿಡಿದು ಒಬ್ಬ ಹುಡುಗಿ ಸತ್ತಳು. ಆ ಮಹಾನುಭಾವ ಮಾಲೀಕ ಏನೆಂದ ಗೊತ್ತೇ? ಅವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಯಾರನ್ನೋ ನೋಡಲು ಬಂದಿದ್ದಳಂತೆ! ಹಾಜರಿಯಲ್ಲಿ ಹೆಸರಿಲ್ಲ, ಗೋಡೆಯ ಮೇಲಿನ ಫೋಟೋದಲ್ಲೂ ಇಲ್ಲ, ನೋಡಿಕೊಳ್ಳಿ ಎಂದ. ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದೆ. ಜೊತೆಯ ಹೆಂಗಸರು ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಬೈಗುಳವೆಲ್ಲ ಅವನಿಗೇ ಬೇಕು.

ಸತ್ತವಳ ತಾಯಿ ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ಅತ್ತಳು. "ಅಕ್ಕಾ, ನನ್ನ ಮಗಳು ಅಲ್ಲಿ ದುಡೀತಿದ್ಲು ಅಂತ ನೀವಾದ್ರೂ ಹೇಳಿ."

"ನಾನ್ಯಾಕೆ ಹೇಳ್ಲಿ, ಅವಳೇ ಹೇಳ್ತಾಳೆ," ಎಂದು ಅತ್ತೆ ನೆಗೆಟಿವ್ ಹುಡುಕಲು ಎದ್ದಳು.

ಕಪ್ಪಾಗಿದ್ದದ್ದು ಕಾಗದ ಮಾತ್ರ. ನೆಗೆಟಿವ್‌ನಲ್ಲಿ ಹಿಂದಿನ ಸಾಲು ಹಾಗೇ ಇತ್ತು. ಪ್ರಿಂಟಿನ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಆ ಭಾಗಕ್ಕೆ ಬೀಳುವ ಬೆಳಕನ್ನು ಅಂಗೈಯಿಂದ ಅಷ್ಟಷ್ಟೇ ತಡೆದು ಪ್ರಿಂಟು ಹಾಕಿದಳು. ಮುಖಗಳು ಬಂದವು, ಆದರೆ ಟ್ಯೂಬ್‌ಲೈಟಿನ ದೆಸೆಯಿಂದ ಪಾಚಿ ಹಿಡಿದಂಥ ಹಸಿರು. ನೀಲಿ ಏಪ್ರನ್ ಬಣ್ಣಗೆಟ್ಟು ಯಾವುದೋ ಹಳೇ ಬಟ್ಟೆಯಂತೆ ಕಾಣುತ್ತಿತ್ತು.

"ಇದನ್ನ ಕೊಟ್ರೆ, ಯಾರೋ ದಾರೀಲಿ ಹೋಗೋಳು ಬಂದು ನಿಂತಿದ್ಲು ಅಂತಾನೆ ಆ ಕಳ್ಳ," ಎಂದು ಹರಿದೆಸೆದಳು. ಬಣ್ಣ ಸರಿಪಡಿಸಲು ಮುಂದಿನ ಸಾಲಿಗೊಂದು ಫಿಲ್ಟರ್, ಹಿಂದಿನ ಸಾಲಿಗೊಂದು ಫಿಲ್ಟರ್ ಹಾಕಿ, ಮತ್ತೆ ಮತ್ತೆ ಬದಲಿಸಿ, ಮೇಸ್ತ್ರಿಯ ನೀಲಿಯೂ ಆ ಹುಡುಗಿಯ ನೀಲಿಯೂ ಒಂದೇ ಆಗುವ ತನಕ ಬಿಡಲಿಲ್ಲ.

ಸಾವಿನ ಬಗ್ಗೆ ಕಾರ್ಮಿಕ ಇಲಾಖೆಯ ಅಧಿಕಾರಿ ನಡೆಸಿದ ವಿಚಾರಣೆಯಲ್ಲಿ ಅತ್ತೆಯ ಪ್ರಿಂಟು ನೋಡಿ ಮಾಲೀಕ ಕೂಗಾಡಿದ. "ಸಾರ್, ಇದು ತಿದ್ದಿದ ಫೋಟೋ!"

ಅತ್ತೆಗೆ ಮೈಯೆಲ್ಲ ಉರಿಯಿತು. "ತಿದ್ದಿದ್ದು ನಿಮ್ಮ ಗೋಡೆ ಮೇಲಿರೋದು! ನಿಮ್ಮ ಮಾತು ಕೇಳಿ ಇವರ ಮುಖಕ್ಕೆಲ್ಲ ಮಸಿ ಬಳಿದೆನಲ್ಲ, ಥೂ! ತಗೊಳ್ಳಿ ಸಾರ್ ನೆಗೆಟಿವ್, ಯಾರ ಹತ್ರ ಬೇಕಾದ್ರೂ ಪ್ರಿಂಟ್ ಹಾಕ್ಸಿ."

ಅಧಿಕಾರಿ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ಪ್ರಿಂಟನ್ನು ಮಾಲೀಕನ ಕಡೆ ತಿರುಗಿಸಿದರು. "ಈ ಹುಡುಗಿ ಸರಿ. ಪಕ್ಕದಲ್ಲಿ ನಿಂತಿರೋ ಇಷ್ಟೂ ಜನ ಯಾರ್ರೀ? ನಿಮ್ಮ ಹಾಜರೀಲಿ ಒಬ್ಬ ಹೆಂಗಸಿನ ಹೆಸರೂ ಇಲ್ವಲ್ಲ?"

"ಯಾರೋ... ಹೆಸರು ನನಗೇನು ಗೊತ್ತು ಸಾರ್," ಎಂದ ಮಾಲೀಕ.

ಸತ್ತವಳ ತಾಯಿ ಎದ್ದು ಬಂದು ಹಿಂದಿನ ಸಾಲಿನ ತುದಿಯ ಮುಖದ ಮೇಲೆ ಬೆರಳಿಟ್ಟಳು.

"ನನಗೆ ಗೊತ್ತು. ದಿನಾ ಬೆಳಿಗ್ಗೆ ನನ್ನ ಮಗಳನ್ನ ಕೂಗಿ ಕರ್ಕೊಂಡು ಹೋಗ್ತಿದ್ದವರೇ ಇವರು. ಬರ್ಕೊಳ್ಳಿ ಸಾರ್."